ದೇವರ ಟಗರಿನ ಕಾಲು

ಆ ವರ್ಷ ಶ್ರಾವಣ ಮುಗಿದ ಮೇಲೂ ಮಳೆ ಬಿಡಲಿಲ್ಲ. ಗೊಳಸಂಗಿಯ ಆಚೆ, ಕಾಲುವೆಯ ಕೆಳಗಿನ ಎರೆಹೊಲದಲ್ಲಿ ಹಟ್ಟಿ ಹಾಕಿದ್ದ ಹನಮವ್ವನ ಕುರಿಗಳು ಹನ್ನೊಂದು ದಿನ ಕೆಸರಿನಲ್ಲೇ ನಿಂತವು, ಕೆಸರಿನಲ್ಲೇ ಮಲಗಿದವು. ಹನ್ನೆರಡನೆಯ ದಿನ ಬೆಳಿಗ್ಗೆ ಒಂದು ಕುರಿ ಮುಂಗಾಲು ಎತ್ತಿಕೊಂಡು ಮೂರೇ ಕಾಲಿನ ಮೇಲೆ ಹೊರಗೆ ಬಂತು. ಮುಳ್ಳು ಚುಚ್ಚಿರಬೇಕೆಂದು ಹನಮವ್ವ ಹಿಡಿದು ನೋಡಿದಳು. ಮುಳ್ಳು ಸಿಗಲಿಲ್ಲ. ಗೊರಸಿನ ಸಂದು ಕೆಂಪಾಗಿ ಸುಲಿದಿತ್ತು, ಬೆರಳು ತಾಗಿಸಿದರೆ ಸತ್ತ ಇಲಿಯಂಥ ನಾತ. ವಾರ ಕಳೆಯುವುದರೊಳಗೆ ಎಂಬತ್ನಾಲ್ಕು ಕುರಿಗಳಲ್ಲಿ ಇಪ್ಪತ್ತಾರು ಕುಂಟತೊಡಗಿದವು. ಕೆಲವಂತೂ ನಿಲ್ಲಲಾರದೆ ಮುಂಗಾಲು ಮಡಚಿ, ಮಂಡಿಯೂರಿಕೊಂಡೇ ಮೇಯುತ್ತಿದ್ದವು.

ಹನಮವ್ವನಿಗೆ ಐವತ್ತೆರಡು ವರ್ಷ. ಗಂಡ ಸೋಮನಿಂಗ ಎರಡು ವರ್ಷದ ಹಿಂದೆ ಬೇವಿನ ಗಿಡದಿಂದ ಬಿದ್ದು ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ. ಹೆಂಗಸು ಹಟ್ಟಿ ನಡೆಸುವುದುಂಟೆ ಎಂದು ಅವರ ಹಾಲುಮತದ ಹಿರಿಯರೇ ನಕ್ಕಿದ್ದರು. ಆಕೆ ಉತ್ತರ ಕೊಡುವ ಗೋಜಿಗೆ ಹೋಗದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಹಿಂದೆ ನಡೆದುಬಿಟ್ಟಿದ್ದಳು. ಜೊತೆಗೆ ಮೈದುನ ಅಮೋಘಸಿದ್ಧ ಇದ್ದ. ಅರ್ಧ ಕುರಿಗಳು ಅವನವು. ಕೆಟ್ಟವನೇನಲ್ಲ, ಆದರೆ ಹಿರಿಯರ ಮಾತು ದಾಟಿ ಒಂದು ಹೆಜ್ಜೆ ಇಟ್ಟವನೂ ಅಲ್ಲ.

ಕಾಲುಬೇನೆ ಕಂಡ ಕೂಡಲೇ ಅಮೋಘಸಿದ್ಧ ತನಗೆ ತಿಳಿದ ದಾರಿ ಹಿಡಿದ. ಮೋಟಾರ್ ಸೈಕಲ್ ಮೇಲೆ ಊರೂರು ತಿರುಗಿ ದನ ಕುರಿಗಳಿಗೆ ಸೂಜಿ ಹಾಕುವವನೊಬ್ಬನಿದ್ದ. ಅವನು ಯಾವ ಸಾಲಿಯಲ್ಲಿ ಕಲಿತನೆಂದು ಯಾರೂ ಕೇಳಿದವರಿಲ್ಲ. ಬಂದು, ಕುಂಟುವವು ಕುಂಟದವು ಎನ್ನದೆ ಇಡೀ ಹಟ್ಟಿಗೆ ಒಂದೇ ಸೂಜಿಯಲ್ಲಿ ಅದೇನನ್ನೋ ಚುಚ್ಚಿ ಹೋದ. ಎಂಟು ದಿನಕ್ಕೆ ಐದು ಕುರಿಗಳ ಕುತ್ತಿಗೆಯಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ ಎದ್ದವು. ಕುಂಟುವವು ಕುಂಟುತ್ತಲೇ ಇದ್ದವು. ಎರಡು ಮರಿಗಳು ಸತ್ತವು.

ಆಗ ಅಮೋಘಸಿದ್ಧ ಬೇರೆ ಮಾತು ಎತ್ತಿದ. ಮುಂದಿನ ರವಿವಾರ ವ್ಯಾಪಾರಿಯನ್ನು ಕರೆಸಿ ಕುಂಟುವವನ್ನೆಲ್ಲ ಗಾಡಿ ಹತ್ತಿಸಿಬಿಡೋಣ ಎಂದ. ಒಂದನ್ನು ಮಾತ್ರ ಮಾರುವಂತಿರಲಿಲ್ಲ. ಅದು ಕುಲದೇವರು ಬೀರಪ್ಪನಿಗೆ ಬಿಟ್ಟ ಟಗರು. ಅದರ ಉಣ್ಣೆ ಕತ್ತರಿಸುವಂತಿಲ್ಲ, ಮತದ ಹೊರಗಿನವರು ಅದನ್ನು ಮುಟ್ಟುವಂತಿಲ್ಲ. ಅದರ ಹಿಂಗಾಲೂ ಕೊಳೆತಿತ್ತು. ಅಮೋಘಸಿದ್ಧ ದಿನಾ ಆ ಕಾಲಿಗೆ ಗುಡಿಯ ಅರಿಶಿನದ ಭಂಡಾರ ಹಚ್ಚಿ, ಹಣೆಗೂ ಹಚ್ಚಿ, ದೇವರೇ ನೋಡಿಕೊಳ್ಳುತ್ತಾನೆಂದು ಕೈಮುಗಿಯುತ್ತಿದ್ದ. ಕಾಲಿನ ಸುತ್ತ ನೊಣಗಳು ಮುತ್ತುತ್ತಿದ್ದವು.

ಹನಮವ್ವ ಮಾರಲು ಒಪ್ಪಲಿಲ್ಲ. ಬಸವನ ಬಾಗೇವಾಡಿಗೆ ಬಸ್ಸು ಹತ್ತಿ ಹೋಗಿ ದನದ ಡಾಕ್ಟರು ಅಮೀನುದ್ದೀನರನ್ನು ಕಂಡಳು. ಅವರು ಹಳ್ಳಿಗಳಲ್ಲಿ ಎಮ್ಮೆ ಎತ್ತುಗಳಿಗೆ ಲಸಿಕೆ ಹಾಕುವ ಕೆಲಸದಲ್ಲಿ ಮುಳುಗಿದ್ದರು. ಶುಕ್ರವಾರ ಖಂಡಿತ ಬರುತ್ತೇನೆ, ಆದರೆ ಅಲ್ಲಿಯವರೆಗೆ ಕಾಯಬೇಡ, ಇವತ್ತೇ ಕೆಲಸ ಶುರುವಾಗಬೇಕು ಎಂದರು. ಗೊಳಸಂಗಿಯಲ್ಲಿ ಪ್ರಜ್ಞಾ ಎಂಬ ಹುಡುಗಿ ಇದ್ದಾಳೆ, ಪಶುಸಖಿ ಅಂತ ಸರಕಾರದ ತರಬೇತಿ ಆಗಿದೆ, ಗೊರಸು ಕೊಯ್ದು ಗಾಯ ತೊಳೆಯುವುದರಲ್ಲಿ ನನಗಿಂತ ಅವಳ ಕೈ ಚಲೋ ಎಂದೂ ಹೇಳಿದರು.

ಪ್ರಜ್ಞಾ ಯಾರ ಮಗಳೆಂದು ಹನಮವ್ವನಿಗೆ ಗೊತ್ತಿತ್ತು. ಊರ ಪಶ್ಚಿಮಕ್ಕೆ ಹೊಲಗೇರಿ ಎಂದು ಹಿಂದೆ ಕರೆಯುತ್ತಿದ್ದ ಓಣಿಯವಳು, ಸುಭಾಸನ ಮಗಳು. ಆ ಓಣಿಯ ಮನೆಗಳಲ್ಲಿ ಈಗ ಬುದ್ಧನ ಚಿತ್ರವಿತ್ತು. ಬಸ್ಸಿಳಿದು ಹನಮವ್ವ ಓಣಿಯ ಬಾಯಿಯವರೆಗೆ ಹೋದಳು. ಐವತ್ತೆರಡು ವರ್ಷದಲ್ಲಿ ಅದರೊಳಗೆ ಕಾಲಿಟ್ಟವಳಲ್ಲ. ಅಲ್ಲೇ ನಿಂತು ಹೆಸರು ಹಿಡಿದು ಕರೆದಳು.

ಪ್ರಜ್ಞಾ ಬಂದಳು. ಇಪ್ಪತ್ತೇಳರ, ಎಣ್ಣೆಗಪ್ಪು ಮುಖದ, ಮಾತಿಗಿಂತ ಮೊದಲು ಎದುರಿನವರ ಕೈಕಾಲು ನೋಡುವ ಹೆಂಗಸು. ಎಷ್ಟು ಕುರಿ, ಎಷ್ಟು ದಿನವಾಯಿತು, ವಾಸನೆ ಇದೆಯೇ, ಗೊರಸು ತಳದಿಂದ ಬಿಟ್ಟುಕೊಂಡಿದೆಯೇ ಎಂದು ಒಂದೊಂದೇ ಕೇಳಿದಳು. ಹನಮವ್ವ ಎಲ್ಲಕ್ಕೂ ಉತ್ತರ ಹೇಳಿದಳು. ಕೊನೆಗೆ, ಬಸ್ಸಿನಲ್ಲಿ ಕೂತು ಜೋಡಿಸಿಕೊಂಡ ಮಾತನ್ನು ಆಡಿದಳು.

“ಔಷಧ ಕೊಡವ್ವ ತಂಗಿ. ಹೆಂಗ ಹಚ್ಚೂದು ಹೇಳು. ನಾವ ಹಚ್ಕೋತೇವಿ.”

“ಕಾಲು ನೋಡದ ಔಷಧ ಕೊಡೂದಿಲ್ಲರಿ.”

ಅಷ್ಟು ದೂರ ನೀನ್ಯಾಕೆ ಕೆಸರು ತುಳಿಯುತ್ತೀ, ಮಳೆ ಬೇರೆ, ಎಂದು ಹನಮವ್ವ ಸುತ್ತುಬಳಸಿ ಏನೇನೋ ಹೇಳಿದಳು. ಪ್ರಜ್ಞಾ ಕೇಳುವಷ್ಟು ಕೇಳಿದಳು.

“ನಾ ಹಟ್ಟಿಯೊಳಗ ಬರಬಾರ್ದೇನ್ರಿ?”

ಹನಮವ್ವ ದೇವರ ಟಗರು ಐತಿಯವ್ವ ಎಂದಳು, ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು.

“ಹಂಗಿದ್ರ ನನ್ನ ಔಷಧನೂ ಬರೂದಿಲ್ಲರಿ,” ಎಂದಳು ಪ್ರಜ್ಞಾ. ದನಿ ಏರಿಸಲಿಲ್ಲ. ಬೇಸಿಗೆಯಲ್ಲಿ ಒಬ್ಬರು ಹೀಗೆಯೇ ಅಂಗಳದಾಚೆಯಿಂದ ಔಷಧಿ ಇಸಿದುಕೊಂಡು ಹೋಗಿದ್ದರಂತೆ. ಗಾಯಕ್ಕೆ ಹಚ್ಚುವುದನ್ನು ಆಡಿಗೆ ಕುಡಿಸಿದ್ದರು. ಆಡು ಸತ್ತಾಗ ಕೊಂದವಳು ಪ್ರಜ್ಞಾ ಎಂದು ಊರೆಲ್ಲ ಹೇಳಿಕೊಂಡು ಬಂದರು. ಅಂದಿನಿಂದ ಆಕೆ ಒಂದು ನಿಯಮ ಮಾಡಿಕೊಂಡಿದ್ದಳು. ಪ್ರಾಣಿಯನ್ನು ಮುಟ್ಟಲು ಬಿಟ್ಟರೆ ಚಿಕಿತ್ಸೆ, ಇಲ್ಲದಿದ್ದರೆ ಇಲ್ಲ. ಇಷ್ಟು ಹೇಳಿ ಆಕೆ ಒಳಗೆ ಹೋದಳು.

ಹನಮವ್ವ ಸಿಟ್ಟಿನಿಂದಲೇ ಹೊಲದ ದಾರಿ ಹಿಡಿದಳು. ಇಷ್ಟುದ್ದ ಹುಡುಗಿ ತನಗೆ ಇಲ್ಲ ಎಂದಳಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡಳು. ಹಟ್ಟಿ ಇನ್ನೂ ದೂರವಿರುವಾಗಲೇ ಕುರಿಗಳು ಕಂಡವು. ಮಂಡಿಯೂರಿದ್ದವು ಮೊದಲಿಗಿಂತ ಹೆಚ್ಚಾಗಿದ್ದವು. ಒಂದು ಕುರಿ ತನ್ನ ಮರಿ ಮೊಲೆಗೆ ಬಂದರೆ ಏಳಲಾಗದೆ ಮಲಗಿದಲ್ಲೇ ಕಾಲು ಝಾಡಿಸುತ್ತಿತ್ತು. ಆಕೆ ಬೇಲಿಯ ಹತ್ತಿರವೂ ಹೋಗಲಿಲ್ಲ. ನಿಂತಲ್ಲಿಂದಲೇ ಹಿಂದಿರುಗಿದಳು.

ಈ ಸಲ ಓಣಿಯ ಬಾಯಿಯಲ್ಲಿ ನಿಲ್ಲಲಿಲ್ಲ. ನೇರ ಒಳಗೆ ನಡೆದು ಸುಭಾಸನ ಮನೆಯ ಹೊಸ್ತಿಲಲ್ಲಿ ಕೂತುಬಿಟ್ಟಳು. ಎರಡು ಸಲ ನಡೆದು ಉಸಿರು ಹತ್ತಿತ್ತು. ಪ್ರಜ್ಞಾಳ ತಾಯಿ ಯಲ್ಲವ್ವ ಏನೂ ಕೇಳದೆ ಚರಿಗೆಯಲ್ಲಿ ನೀರು ತಂದುಕೊಟ್ಟಳು. ಹನಮವ್ವ ಗಟಗಟ ಕುಡಿದಳು. ಯಾರ ಮನೆಯ ನೀರೆಂಬುದು ಚರಿಗೆ ಕೆಳಗಿಟ್ಟ ಮೇಲೆ ನೆನಪಾಯಿತು. ನೆನಪಾದರೂ ಏನೂ ಆಗಲಿಲ್ಲ.

“ಬಾರವ್ವ,” ಎಂದಳು ಪ್ರಜ್ಞಾಳಿಗೆ. “ಯಾರರ ಏನರ ಅಂದ್ರ ನಾ ನೋಡ್ಕೋತೇನಿ.”

“ಅದನ್ನ ನಾನ ನೋಡ್ಕೋತೇನ್ರಿ ಅಕ್ಕಾರ. ನೀವು ಕುರಿ ಗಟ್ಟಿ ಹಿಡ್ಕೊಂಡ್ರ ಸಾಕು.”

ಪ್ರಜ್ಞಾ ತನ್ನ ಸ್ಕೂಟಿಯ ಮುಂದೆ ಔಷಧಿಯ ಚೀಲ ಇಟ್ಟು, ಹಿಂದೆ ಹನಮವ್ವನನ್ನು ಕೂರಿಸಿಕೊಂಡಳು. ಕಾಲುವೆಯ ಏರಿಯ ಮೇಲೆ ಇಬ್ಬರೂ ಹೋಗುವುದನ್ನು ಹೊಲದಲ್ಲಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿ ನೋಡಿದರು.

ಹಟ್ಟಿಯ ಸುತ್ತ ಕಟ್ಟಿದ ಬಲೆಯ ಬಾಗಿಲಲ್ಲಿ ಅಮೋಘಸಿದ್ಧ ಕೋಲು ಅಡ್ಡ ಹಿಡಿದು ನಿಂತಿದ್ದ. ಔಷಧಿ ಇಲ್ಲಿಟ್ಟು ಗಿಡದ ಕೆಳಗೆ ಕೂತು ಹೇಳಲಿ, ತಾನು ಹಚ್ಚುತ್ತೇನೆ ಎಂದ. ಹನಮವ್ವನಿಗೆ ಹೇಳಿದ, ಪ್ರಜ್ಞಾಳ ಕಡೆ ನೋಡಲಿಲ್ಲ. ಪ್ರಜ್ಞಾ ಮಾತ್ರ ಅವನ ಕಡೆಗೇ ನೋಡಿ ಉತ್ತರಿಸಿದಳು.

“ಒಂದ ಸೂಜೀಲೆ ಎಷ್ಟು ಕುರಿಗೆ ಚುಚ್ಚಿಸೀರಿ?”

ಒಂದರ ಮೈಯ ಕೀವು ಸೂಜಿಯ ತುದಿಯಲ್ಲಿ ಇನ್ನೊಂದರ ಮೈಗೆ ಹೋಗುತ್ತದೆ, ಆ ಗಡ್ಡೆಗಳು ಎದ್ದದ್ದು ಹಾಗೆ ಎಂದು ಆಕೆ ಬಿಡಿಸಿ ಹೇಳಿದಳು. ಅವನ ಮುಖ ಬಿಗಿದುಕೊಂಡಿತು.

“ಒಳಗ ದ್ಯಾವ್ರ ಟಗರು ಐತಿ,” ಎಂದ.

“ಗೊತ್ತೈತ್ರಿ. ಅದರ ಕಾಲಾಗ ಹುಳ ಬಿದ್ದಾವ. ಇಲ್ಲೀತನಕ ನಾತ ಬರಾಕತ್ತೈತಿ.”

ಹನಮವ್ವ ಹಿಂದಿನಿಂದ ಬಂದು ಮೈದುನನ ಕೋಲನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಬಲೆಯ ಗೂಟ ಕಿತ್ತು ದಾರಿ ಮಾಡಿದಳು. ಪ್ರಜ್ಞಾ ಒಳಗೆ ಹೋದಳು.

ಮೊದಲು ಆಕೆ ಒಂದು ಕುರಿಯನ್ನೂ ಮುಟ್ಟಲಿಲ್ಲ. ಜಾಗ ನೋಡಿದಳು. ಈ ಕೆಸರಿನಲ್ಲಿ ಏನು ಹಚ್ಚಿದರೂ ನಿಲ್ಲುವುದಿಲ್ಲ, ಹಟ್ಟಿ ಏರಿಯ ಮೇಲಿನ, ನೀರು ನಿಲ್ಲದ ಗರಸಿನ ದಿಬ್ಬಕ್ಕೆ ಏರಬೇಕು ಎಂದಳು. ಗೂಟ, ಬಲೆ ಎಲ್ಲ ಕಿತ್ತು ಇಬ್ಬರು ಹೆಂಗಸರೇ ಮೇಲಕ್ಕೆ ಸಾಗಿಸಿದರು. ಕುಂಟುವವನ್ನು ಒಂದು ಬಲೆಯೊಳಗೆ, ಗಡ್ಡೆಯವನ್ನು ಇನ್ನೊಂದರೊಳಗೆ, ನೆಟ್ಟಗಿರುವವನ್ನು ದೂರಕ್ಕೆ ಬೇರ್ಪಡಿಸಿದರು. ಗಡ್ಡೆ ಕೊಯ್ದುಬಿಡು ಎಂದು ಹನಮವ್ವ ಹೇಳಿದಾಗ ಪ್ರಜ್ಞಾ ತಲೆಯಾಡಿಸಿದಳು. ಇನ್ನೂ ಹಣ್ಣಾಗಿಲ್ಲ, ಅದು ಡಾಕ್ಟರ ಕೆಲಸ, ಸೂಜಿಯೂ ಡಾಕ್ಟರ ಕೆಲಸ. ಗಿಡದ ಕೆಳಗೆ ಕೂತಿದ್ದ ಅಮೋಘಸಿದ್ಧ, ಸೂಜಿ ಹಾಕಲು ಬರದವಳು ಎಂಥ ಡಾಕ್ಟರಳು ಎಂದು ಗೊಣಗಿದ್ದು ಕೇಳಿಸಿತು. ತಾನು ಡಾಕ್ಟರಳಲ್ಲ, ತನಗೆ ಏನು ಬರುವುದಿಲ್ಲ ಎಂಬುದು ತನಗೆ ಗೊತ್ತಿದೆ, ಮೋಟಾರ್ ಸೈಕಲ್ಲಿನವನಿಗೆ ಅದೇ ಗೊತ್ತಿರಲಿಲ್ಲ ಎಂದು ಆಕೆ ತಿರುಗದೆಯೇ ಹೇಳಿದಳು.

ಆಮೇಲೆ ಗೊರಸಿನ ಕೆಲಸ. ಹನಮವ್ವ ಕುರಿಯನ್ನು ಕೆಡವಿ ಬೆನ್ನನ್ನು ತನ್ನ ಮಡಿಲಿಗೆ ಒರಗಿಸಿ ಕೂರಿಸುವಳು. ಪ್ರಜ್ಞಾ ಕೆಂಪು ಔಷಧಿಯ ನೀರಿನಿಂದ ಕಾಲು ತೊಳೆದು, ಸಡಿಲಾಗಿ ಜೋತ ಗೊರಸನ್ನಷ್ಟೇ ಕತ್ತರಿಸಿ, ಒಳಗಿನ ಕೊಳಕನ್ನು ಗಾಳಿಗೆ ಬಿಡುವಳು. ರಕ್ತ ಬರುವಷ್ಟು ಕೊಯ್ಯಬಾರದು ಎಂದು ಮತ್ತೆ ಮತ್ತೆ ಹೇಳುವಳು. ಒಂದು ಕುರಿ ಮುಗಿದರೆ ಕತ್ತರಿಯನ್ನು ಟಿಂಚರಿನಲ್ಲಿ ಅದ್ದಿಯೇ ಇನ್ನೊಂದಕ್ಕೆ ಹೋಗುವಳು. ಕತ್ತರಿಸಿದ ಚೂರುಗಳನ್ನು ಆರಿಸಿ ಡಬ್ಬಿಯಲ್ಲಿ ಹಾಕಿ ಸುಡಲು ಇಟ್ಟಳು. ಹದಿನೈದನೆಯ ಕುರಿಯ ಹೊತ್ತಿಗೆ ಹನಮವ್ವನ ತೊಡೆ ಜೋಮು ಹಿಡಿದಿತ್ತು, ಪ್ರಜ್ಞಾಳ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು.

ಕೊನೆಗೆ ಉಳಿದದ್ದು ದೇವರ ಟಗರು.

ಅಮೋಘಸಿದ್ಧ ಎದ್ದು ಬಂದು ಅದರ ಕೊರಳ ಹಗ್ಗ ಹಿಡಿದ. ಇದರ ಮೈಮೇಲೆ ಕೈ ಬಿದ್ದರೆ ಬೀರಪ್ಪನ ಗುಡಿಯಲ್ಲಿ ಹಿರಿಯರನ್ನು ಕರೆದು ದೈವ ಕೂಡಿಸುತ್ತೇನೆ, ನಿಮ್ಮನ್ನು ಮತದಿಂದ ಹೊರಗಿಡುತ್ತಾರೆ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಹನಮವ್ವ ಟಗರಿನ ಕಾಲು ಎತ್ತಿ ಅವನ ಕಣ್ಣಿಗೆ ಹಿಡಿದಳು. ಭಂಡಾರದ ಹಳದಿ ಹೆಪ್ಪಿನ ಕೆಳಗೆ ಬಿಳಿ ಹುಳಗಳು ಮಿಸುಕುತ್ತಿದ್ದವು.

“ನೋಡು. ದ್ಯಾವ್ರಿಗೆ ಬಿಟ್ಟೇವಂತ ಇದು ಕೊಳತು ಸಾಯಬೇಕೇನು? ಬೀರಪ್ಪ ಕುರಿ ಕಾಯಾಂವ. ಅಂವಾ ಇಲ್ಲಿದ್ರ ಕಾಲು ತೊಳೀತಿದ್ದ, ಯಾರ್ ಕೈ ಅಂತ ಕೇಳ್ತಿರಲಿಲ್ಲ.”

“ವೈನಿ, ನಾ ಹಿರ್‍ಯಾರಿಗೆ ಹೇಳಾಂವನ.”

“ಹೇಳು. ಹಗ್ಗ ಬಿಡು.”

ಅವನು ಬಿಡಲಿಲ್ಲ. ಆಕೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವನು ಬಲವಂತ ಮಾಡಬಹುದಿತ್ತು, ಮಾಡಲಿಲ್ಲ. ಆಕೆ ಟಗರಿನ ಕೊಂಬು ಹಿಡಿದು ಪಕ್ಕಕ್ಕೆ ತಿರುಚಿ, ಮೊಣಕಾಲು ಕೊಟ್ಟು, ಆ ಎತ್ತಿನಂಥ ಪ್ರಾಣಿಯನ್ನು ಒಬ್ಬಳೇ ಕೆಡವಿದಳು. ಪ್ರಜ್ಞಾ ಕೂತಳು. ಒಂದು ಕ್ಷಣ ಆಕೆಯ ಕೈ ಗಾಳಿಯಲ್ಲಿ ನಿಂತದ್ದನ್ನು ಹನಮವ್ವ ಕಂಡಳು. ಮರುಕ್ಷಣ ಅದು ಟಗರಿನ ಕಾಲನ್ನು ಗಟ್ಟಿಯಾಗಿ ಹಿಡಿದಿತ್ತು. ಟರ್ಪೆಂಟೈನ್ ಎಣ್ಣೆಯ ಹತ್ತಿ ಇಟ್ಟ ಕೂಡಲೇ ಹುಳಗಳು ಹೊರಗೆ ತಲೆ ಹಾಕಿದವು. ಚಿಮಟಿಗೆಯಿಂದ ಒಂದೊಂದನ್ನೇ ತೆಗೆದು ಡಬ್ಬಿಗೆ ಹಾಕಿದಳು. ನಲವತ್ತರ ಮೇಲೆ ಇದ್ದವು. ಗಾಯ ತೊಳೆದು, ಬೇವಿನೆಣ್ಣೆ ಬೆರೆಸಿದ ಮುಲಾಮು ತುಂಬಿ, ನೊಣ ಕೂರದಂತೆ ಬಟ್ಟೆ ಸುತ್ತಿದಳು. ಟಗರು ಎದ್ದು ಮೈಕೊಡವಿ ಹುಲ್ಲಿಗೆ ಬಾಯಿ ಹಾಕಿತು. ಅಮೋಘಸಿದ್ಧ ಆಗಲೇ ಊರ ಕಡೆಗೆ ಅರ್ಧ ದಾರಿ ಹೋಗಿದ್ದ.

ಮರುದಿನ ಪ್ರಜ್ಞಾ ನೆಲದಲ್ಲಿ ಉದ್ದನೆಯ ಗುಂಡಿ ತೋಡಿಸಿ ಪ್ಲಾಸ್ಟಿಕ್ ಹಾಸಿ ಮೈಲುತುತ್ತದ ನೀರು ತುಂಬಿದಳು, ಇಪ್ಪತ್ತು ಲೀಟರಿಗೆ ಒಂದು ಕಿಲೊ. ಆ ನೀರು ಕುರಿಯ ಹೊಟ್ಟೆಗೆ ಹೋದರೆ ವಿಷ. ಅದಕ್ಕೆ ಮೊದಲು ಎಲ್ಲವಕ್ಕೂ ಹೊಟ್ಟೆ ತುಂಬ ಒಳ್ಳೆಯ ನೀರು ಕುಡಿಸಿ, ಆಮೇಲೆ ಸಾಲಾಗಿ ಆ ನೀಲಿ ನೀರಿನಲ್ಲಿ ನಿಲ್ಲಿಸಿದರು. ಶುಕ್ರವಾರ ಡಾಕ್ಟರು ಮಾತು ತಪ್ಪದೆ ಬಂದರು. ಹಣ್ಣಾದ ಮೂರು ಗಡ್ಡೆ ಕೊಯ್ದು ಕೀವು ತೆಗೆದು ಸುಡಿಸಿದರು. ಕಾಲು ತೀರಾ ಕೆಟ್ಟಿದ್ದ ಹನ್ನೆರಡಕ್ಕೆ ತೂಕ ನೋಡಿ, ಒಂದೊಂದಕ್ಕೂ ಹೊಸ ಸೂಜಿ ಒಡೆದು ಇಂಜೆಕ್ಷನ್ ಕೊಟ್ಟರು. ಇಪ್ಪತ್ತೆಂಟು ದಿನ ಇವುಗಳನ್ನು ಮಾಂಸಕ್ಕೆ ಕೊಡಬಾರದೆಂದು ತಾಕೀತು ಮಾಡಿದರು. ಟಗರಿನ ಕಾಲಿನ ಪಟ್ಟಿ ಬಿಚ್ಚಿ ನೋಡಿ, ಇದನ್ನು ಯಾರು ಮಾಡಿದರು ಎಂದು ಕೇಳಿದರು. ಹನಮವ್ವ ಪ್ರಜ್ಞಾಳ ಕಡೆ ಕೈ ತೋರಿಸಿದಳು. ಡಾಕ್ಟರು ಅದೇ ಪಟ್ಟಿಯನ್ನು ಹಾಗೆಯೇ ಸುತ್ತಿದರು.

ರವಿವಾರ ಅಮೋಘಸಿದ್ಧ ಹೇಳಿ ಕಳಿಸಿದ್ದ ವ್ಯಾಪಾರಿ ಗಾಡಿ ತಂದ. ಹನಮವ್ವ ಇಂಜೆಕ್ಷನ್ ವಿಷಯ ತಿಳಿಸಿದಳು. ಅಂಥ ಮಾಂಸ ನಾನೂ ಮಾರುವುದಿಲ್ಲ ಎಂದು ಅವನು ಚಹಾ ಕುಡಿದು ಖಾಲಿ ಗಾಡಿಯಲ್ಲೇ ಹೋದ.

ಸೋಮವಾರ ಅಮಾವಾಸ್ಯೆ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ದೈವ ಕೂಡಿತು. ಏಳು ಜನ ಹಿರಿಯರು, ಎಲ್ಲರೂ ಗಂಡಸರು. ಹನಮವ್ವ ಒಬ್ಬಳೇ ಹೋದಳು. ಹೊರಡುವಾಗ ಸೋಮನಿಂಗ ಹಾಸಿಗೆಯಿಂದಲೇ, ತಪ್ಪಾಯಿತು ಎಂದು ಹೇಳುತ್ತೀಯೇನು ಎಂದು ಕೇಳಿದ್ದ. ಇಲ್ಲ ಎಂದಿದ್ದಳು. ಹಾಗಾದರೆ ನನ್ನ ರುಮಾಲು ಸುತ್ತಿಕೊಂಡು ಹೋಗು ಎಂದಿದ್ದ ಅವನು. ತಲೆಗೆ ಸುತ್ತದೆ ಅದನ್ನು ಹೆಗಲಿಗೆ ಹಾಕಿಕೊಂಡು ಹೋಗಿದ್ದಳು.

ಹಿರಿಯರು ತೀರ್ಮಾನವನ್ನು ಮೊದಲೇ ಮಾಡಿಕೊಂಡು ಕೂತಿದ್ದರು. ಟಗರನ್ನು ಕೃಷ್ಣೆಯಲ್ಲಿ ಮೀಯಿಸಿ ತರಬೇಕು, ಹನಮವ್ವ ಗುಡಿಯ ಮುಂದೆ ಅಡ್ಡಬಿದ್ದು ತಪ್ಪು ಒಪ್ಪಬೇಕು, ಆ ಹುಡುಗಿಯನ್ನು ಮತ್ತೆ ಹಟ್ಟಿಗೆ ಕರೆಯಬಾರದು. ಆಕೆ ಎಲ್ಲವನ್ನೂ ನಿಂತುಕೊಂಡೇ ಕೇಳಿದಳು. ಕೂರು ಎಂದವರಿರಲಿಲ್ಲ.

“ಬೀರಪ್ಪಗ ದಿನಾ ಅಡ್ಡಬೀಳ್ತೇನಿ, ಇವತ್ತೂ ಬೀಳ್ತೇನಿ,” ಎಂದಳು. “ತಪ್ಪು ಮಾಡಿಲ್ಲ, ಅದಕ್ಕ ಒಪ್ಪೂದಿಲ್ಲ. ಟಗರಿನ ಗಾಯ ಹಸಿ ಐತಿ, ಹೊಳಿಗೆ ಒಯ್ದು ನೀರಾಗ ಇಳಸೂದಿಲ್ಲ. ನಾಳೆ ಎರಡನೇ ಸಲ ಕಾಲು ತೊಳೀಬೇಕು. ನಾಳೆ ಆಕಿ ಬರ್ತಾಳ. ನಾನ ಕರದೇನಿ.”

ಹಾಗಿದ್ದರೆ ನಿನ್ನ ಹಟ್ಟಿಯ ಪಕ್ಕ ಯಾರೂ ಹಟ್ಟಿ ಹಾಕುವುದಿಲ್ಲ ಎಂದರು. ಒಳ್ಳೆಯದಾಯಿತು, ಕಾಲುಬೇನೆ ಹತ್ತಿರ ಹತ್ತಿರ ಇದ್ದರೇ ಹಬ್ಬುವುದು ಎಂದಳು. ಹಿರಿಯರಲ್ಲೊಬ್ಬ ಕೆಮ್ಮಿದ. ಆಕೆ ಗುಡಿಯ ಮುಂದೆ ಅಡ್ಡಬಿದ್ದು, ಭಂಡಾರ ಹಚ್ಚಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿದಳು.

ಅದೇ ವಾರ ಅಮೋಘಸಿದ್ಧ ತನ್ನ ಪಾಲಿನ ಕುರಿಗಳನ್ನು ಬೇರೆ ಮಾಡಿಕೊಂಡು ಮುದ್ದೇಬಿಹಾಳದ ಕಡೆಗೆ ಹೊರಟ. ಟಗರನ್ನು ಕರೆದೊಯ್ಯಲಿಲ್ಲ. ಮುಟ್ಟಿಸಿಕೊಂಡ ಟಗರು ತನಗೆ ಬೇಡವೆಂದ. ಹೊರಡುವ ಮುನ್ನ ಹನಮವ್ವ ಅವನ ಚೀಲದಲ್ಲಿ ಮೈಲುತುತ್ತದ ಒಂದು ಪುಡಿಕೆ ಇಟ್ಟು, ಮೊದಲು ನೀರು ಕುಡಿಸುವುದನ್ನು ಮರೆಯಬೇಡ ಎಂದಳು. ಅವನು ಅದನ್ನು ತೆಗೆದು ಎಸೆಯಲಿಲ್ಲ. ಎರಡು ವರ್ಷ ಒಂದೇ ಕಂಬಳಿಯ ಕೆಳಗೆ ಮಳೆ ಕಳೆದವರು ಹೀಗೆ ಬೇರೆಯಾದದ್ದು ಆಕೆಯನ್ನು ಬಹಳ ದಿನ ನೋಯಿಸಿತು.

ದಸರೆಯ ಹೊತ್ತಿಗೆ ನೆಲ ಒಣಗಿತು. ಹನಮವ್ವನ ಪಾಲಿನ ಕುರಿಗಳಲ್ಲಿ ಮೂರು ಸತ್ತಿದ್ದವು. ಒಂದರ ಕಾಲು ಸೊಟ್ಟಗಾಗಿಯೇ ಉಳಿಯಿತು. ಮಿಕ್ಕವೆಲ್ಲ ನೆಟ್ಟಗೆ ನಡೆದವು. ಗೊಬ್ಬರ ಬೇಕಾದ ರೈತರಿಗೆ ಹಿರಿಯರ ಮಾತು ತಟ್ಟಲಿಲ್ಲ. ನಮ್ಮ ಹೊಲದಲ್ಲಿ ಹಟ್ಟಿ ಹಾಕು ಎಂದು ಒಬ್ಬರಾದ ಮೇಲೊಬ್ಬರು ಕರೆಯಲು ಬಂದರು.

ಆ ಮಳೆಗೆ ಸುತ್ತಲಿನ ಬೇರೆ ಹಟ್ಟಿಗಳಲ್ಲೂ ಕಾಲುಬೇನೆ ಹತ್ತಿತ್ತು. ಒಂದು ಹಟ್ಟಿಯ ಹೆಂಗಸು ಯಾರಿಗೂ ಹೇಳದೆ ಪ್ರಜ್ಞಾಳಿಗೆ ಫೋನು ಮಾಡಿದಳು. ಇನ್ನೊಂದು ಹಟ್ಟಿಯವರು ಕರೆದು, ಬಾಗಿಲಲ್ಲಿ ನಿಲ್ಲಿಸಿ ಔಷಧಿ ಕೇಳಿದರು. ಪ್ರಜ್ಞಾ ಸ್ಕೂಟಿ ತಿರುಗಿಸಿಕೊಂಡು ಬಂದಳು. ಮೂರು ದಿನ ಬಿಟ್ಟು ಅವರೇ ಮತ್ತೆ ಕರೆದರು, ಆಗ ಬಲೆಯ ಗೂಟ ಕಿತ್ತಿಟ್ಟಿದ್ದರು. ಸಿಂದಗಿಯ ಕಡೆಯಿಂದ ಬಂದ ಮೂರನೆಯ ಹಟ್ಟಿಯವರು ಇನ್ನೂ ಕರೆದಿಲ್ಲ. ಅವರ ಹಟ್ಟಿ ರಸ್ತೆಯ ಮಗ್ಗುಲಲ್ಲೇ ಇದೆ, ಮಂಡಿಯೂರಿ ಮೇಯುವ ಕುರಿಗಳು ದಾರಿಗೇ ಕಾಣುತ್ತವೆ. ಪ್ರಜ್ಞಾ ದಿನಾ ಆ ದಾರಿಯಲ್ಲಿ ಹೋಗುತ್ತಾಳೆ. ಹಟ್ಟಿಯ ಹತ್ತಿರ ಬಂದಾಗ ಸ್ಕೂಟಿಯ ವೇಗ ತಗ್ಗಿಸುತ್ತಾಳೆ, ಔಷಧಿಯ ಚೀಲ ಎಲ್ಲರಿಗೂ ಕಾಣುವಂತೆ ಮುಂದೆಯೇ ಇರುತ್ತದೆ. ಯಾರೂ ಕೈ ಮಾಡಿ ಕರೆಯುವುದಿಲ್ಲ. ಆಕೆಯೂ ಇಳಿಯುವುದಿಲ್ಲ.